ಗುಡ್ಡ ಮಾವನ ಟೇಪು

ಎಲ್ಲದಕ್ಕೂ ಮೂಲ, ಗುಡ್ಡ ಮಾವನ ಕಿಸೆಯಲ್ಲಿ ಉಳಿದುಹೋಗಿದ್ದ ಅರ್ಧ ಸುರುಳಿ ಟೇಪು. ಕೊರೊನಾ ಬಂದ ಆ ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಬಂದವರ ಮನೆ ಗೇಟಿಗೆಲ್ಲ ಪಂಚಾಯ್ತಿಯವರು ಕೆಂಪು-ಬಿಳಿ ಪಟ್ಟಿಯ ಟೇಪು ಕಟ್ಟಿಸುತ್ತಿದ್ದರು. ಕಟ್ಟಲು ಸ್ವಯಂಸೇವಕನಾಗಿ ಹೋಗಿದ್ದ ಗುಡ್ಡ ಮಾವ ಉಳಿದದ್ದನ್ನು ವಾಪಸು ಕೊಡದೆ, "ಇರ್ಲಿ, ಎಂತಕ್ಕಾರೂ ಆತ್ತ್" ಎಂದು ಇಟ್ಟುಕೊಂಡಿದ್ದ. ಆಯಿತು ನೋಡಿ.

ಅವನ ಅಕ್ಕ ಜಲಜಳ ಮಗ ಯೋಗೀಶ ಕೋಟದ ಪೇಂಟರು. ದೋಣಿಗಳಿಗೆ ಹೆಸರು ಬರೆಯುವವನು. ಅವನು ಬರೆದ ದೋಣಿಗಳ ಫೋಟೊ ನೋಡಿ ಐರ್ಲೆಂಡಿನ ಚಿತ್ರಕಲೆ ಕಾಲೇಜೊಂದು ಅರ್ಧ ಫೀಸಿಗೆ ಸೀಟು ಕೊಟ್ಟುಬಿಟ್ಟಿತ್ತು. ಒಂದೇ ಷರತ್ತು, ಶುಕ್ರವಾರದೊಳಗೆ ಇಂಗ್ಲಿಷ್ ಪರೀಕ್ಷೆ ಬರೆದಿರಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ.

ಪರೀಕ್ಷಾ ಕೇಂದ್ರಗಳಿಗೆಲ್ಲ ಬೀಗ. ಮಂಗಳೂರಿನದ್ದು ಮುಚ್ಚಿತ್ತು, ಬೆಂಗಳೂರಿಗೆ ಬಸ್ಸಿಲ್ಲ. ಒಂದೇ ಗಂಟೆಯಲ್ಲಿ ಮುಗಿಯುವ ಅಗ್ಗದ ಪರೀಕ್ಷೆಯೊಂದಿತ್ತು, ಅದನ್ನು ಆ ಕಾಲೇಜು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲೇ ಓದಿದವನೆಂದು ಪತ್ರ ತಂದರೂ ಸಾಕೆಂದರು, ಇವನು ಓದಿದ್ದು ಕನ್ನಡದಲ್ಲಿ. ಕೊನೆಗೆ ಉಳಿದದ್ದು ಮನೆಯಲ್ಲೇ ಕುಳಿತು ಬರೆಯುವ ಪರೀಕ್ಷೆ. ಎಲ್ಲೋ ದೂರದ ಆಫೀಸಿನಿಂದ ಒಬ್ಬ ಮೇಡಂ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಕಣ್ಣಿಟ್ಟು ಕೂತಿರುತ್ತಾಳೆ. ಕೋಣೆಗೆ ಇನ್ನೊಬ್ಬರು ಬರಬಾರದು, ಹೊರಗಿನ ಮಾತು ಕೇಳಬಾರದು, ಗೋಡೆಯ ಮೇಲೆ ಒಂದಕ್ಷರ ಇರಬಾರದು.

ಶುಕ್ರವಾರ ಬೆಳಗ್ಗೆ ಯೋಗೀಶ ಗೋಡೆ ಖಾಲಿ ಮಾಡತೊಡಗಿದ. ಸೊಸೈಟಿಯ ಕ್ಯಾಲೆಂಡರು ಇಳಿಯಿತು. ದೇವರ ಪಟಗಳು ಅಡುಗೆಮನೆಗೆ ಹೋದವು. ಕೊಟ್ಟವರ ಹೆಸರು ಬರೆದ ಮದುವೆ ಉಡುಗೊರೆಯ ಗಡಿಯಾರವೂ ಹೋಯಿತು. ಪಕ್ಕದ ಮನೆಯ ವನಜಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಶಾಲಿ ಗ್ವಾಡಿ ತುಂಬಾ ಇಂಗ್ಲೀಷ್ ಬರ್ದವ ನೀನ್. ನಿಂಗ್ ಇನ್ನೆಂತ ಪರೀಕ್ಷಿ ಮಾರಾಯ?"

ಮಾತು ಸುಳ್ಳಲ್ಲ. ಹೋದ ದೀಪಾವಳಿಗೆ ಯುವಕ ಮಂಡಲದ ಶ್ರಮದಾನದಲ್ಲಿ ಊರ ಶಾಲೆಗೆ ಬಣ್ಣ ಬಳಿದದ್ದು ಅವನೇ. ಆದರೆ ಈಗ ಅದನ್ನೆಲ್ಲ ನೆನೆಯುವಷ್ಟು ಪುರುಸೊತ್ತು ಯಾರಿಗಿತ್ತು?

"ವನಜಕ್ಕ, ಹನ್ನೊಂದ್ ಗಂಟಿಂದ ಮೂರ್ ತಾಸ್ ನೀವ್ ಮಾತಾಡುಕಾಗ."

"ನಾ ಎಲ್ಲ್ ಮಾತಾಡ್ತೆ?" ಎಂದು ಶುರು ಮಾಡಿದ ವನಜಕ್ಕ ಕಾಲು ಗಂಟೆ ನಿಲ್ಲಿಸಲಿಲ್ಲ.

ಅದೂ ಸಾಲದೆಂದು ಮೀನು ಮಾರುವ ಜಲಜಳ ಗಿರಾಕಿಗಳು ಗೇಟಿನಲ್ಲೇ ನಿಂತು "ಹ್ವಾಯ್ ಜಲಜಕ್ಕಾ, ಎಂತ ಮೀನ್ ಇತ್ತ್?" ಎಂದು ಕೂಗುವವರು. ಯೋಗೀಶನಿಗೆ ಅಳುವೇ ಬಂತು. ಆಗ ಗುಡ್ಡ ಮಾವ ಅವನ ಬೆನ್ನು ತಟ್ಟಿದ.

"ಸದ್ದಿನ ವಿಷ್ಯ ನಂಗ್ ಬಿಡ್. ನೀ ಒಳ್ಗ್ ಹೋಯ್ ಕೂಕೊ. ಒಂದ್ ನರಪಿಳ್ಳಿ ಬಪ್ಪುದಿಲ್ಲೆ."

ಅಂದಂತೆಯೇ ಆಯಿತು. ಹನ್ನೊಂದಕ್ಕೆ ಓಣಿಯೇ ಬಾಯಿ ಮುಚ್ಚಿತು. ಗಿರಾಕಿ ಇಲ್ಲ, ಬೈಕಿಲ್ಲ, ವನಜಕ್ಕನ ಸುಳಿವೂ ಇಲ್ಲ. ಯೋಗೀಶ ಮನಸ್ಸಿನಲ್ಲೇ ಮಾವನಿಗೆ ಕೈ ಮುಗಿದು ಲ್ಯಾಪ್‌ಟಾಪನ್ನು ಸುತ್ತಲೂ ತಿರುಗಿಸಿ ಕೋಣೆ ತೋರಿಸಿದ. ಮೇಡಂ ಮೆಚ್ಚಿದಳು. ಇಷ್ಟು ಒಪ್ಪವಾದ ಕೋಣೆಯನ್ನು ಈ ವಾರದಲ್ಲಿ ನೋಡಿಲ್ಲ ಎಂದಳು. ಇನ್ನೇನು ಪ್ರಶ್ನೆಪತ್ರಿಕೆ ತೆರೆಯಬೇಕು, ಅಷ್ಟರಲ್ಲಿ ಬಾಗಿಲು ತೆರೆಯಿತು.

ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಇಬ್ಬರು ಒಳಗೆ ಬಂದರು. ಒಬ್ಬರ ಬೆನ್ನಿಗೆ ಔಷಧಿ ಹೊಡೆಯುವ ಪಂಪು.

"ಅವರಿಬ್ಬರು ಯಾರು?" ಎಂದಳು ಮೇಡಂ, ಗಾಬರಿಯಲ್ಲಿ.

"ಗೊತ್ತಿಲ್ಲ ಮೇಡಂ," ಎಂದ ಯೋಗೀಶ. ಅವತ್ತು ಅವನು ಆಡಿದ ಇಂಗ್ಲಿಷಿನಲ್ಲಿ ಅದೇ ಅತ್ಯಂತ ಸತ್ಯವಾದದ್ದು.

ಆದದ್ದಿಷ್ಟು. ಗುಡ್ಡ ಮಾವ ಗೇಟಿಗೆ ಆ ಟೇಪು ಕಟ್ಟಿದ್ದ. ಅದನ್ನು ಕಂಡ ಜನ ಓಡಿದರು. ವನಜಕ್ಕನೂ ಓಡಿದಳು, ಆದರೆ ಓಡಿದವಳು ಸುಮ್ಮನೆ ಕೂರದೆ ಪಂಚಾಯ್ತಿಗೆ ಫೋನು ಮಾಡಿದಳು. ಪಂಚಾಯ್ತಿಯ ಪಟ್ಟಿಯಲ್ಲಿ ಈ ಮನೆಯೇ ಇಲ್ಲ! ಪಟ್ಟಿಯಿಂದ ತಪ್ಪಿಹೋದ ಮನೆಯೆಂದು ಅವರು ಇನ್ನಷ್ಟು ಬೇಗ ಬಂದರು.

"ಟೇಪ್ ಕಟ್ಟಿದ್ ಯಾರ್?" ಎಂದು ಪ್ಲಾಸ್ಟಿಕ್ಕಿನೊಳಗಿಂದ ಕೇಳಿದವಳು ಆರೋಗ್ಯ ಕೇಂದ್ರದ ವಿನಯಾ. "ಸುಮ್ನೆ ಕಟ್ಟಿದ್ರೆ ಕೇಸ್ ಆತ್ತ್, ಗೊತ್ತಿತ್ತಾ?"

ಕೇಸು ಎಂದದ್ದೇ ಗುಡ್ಡ ಮಾವನ ಮುಖ ಬಿಳಿಚಿತು. "ಸುಮ್ನೆ ಅಲ್ಲ ಕಾಣಿ... ಮಾಣಿಗ್ ನಿನ್ನೆಯಿಂದ ಕೆಮ್ಮ್."

"ಮಾವಾ!" ಎಂದು ಯೋಗೀಶ ಕಿರುಚಿದ. ಕಿರುಚಿದ ರಭಸಕ್ಕೆ ನಿಜವಾಗಿಯೂ ಕೆಮ್ಮಿದ.

"ಎಂತ ಮಾಡುದ್ ಯೋಗೀಶಣ್ಣ," ಎಂದಳು ವಿನಯಾ ಪಾಪ ಅನ್ನಿಸಿ. "ಗಂಟಲಿನ ರಿಪೋರ್ಟ್ ಬಪ್ಪಲ್ಲಿವರೆಗೆ ಶಾಲೆಯಲ್ಲಿ ಕ್ವಾರಂಟೈನ್ ಇರ್ಕಾತ್ತ್."

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತಲ್ಲ ಎಂದು ಜಲಜ ತಮ್ಮನಿಗೆ ಬೈದ ಬೈಗುಳ ಓಣಿಯ ಆ ತುದಿಗೂ ಕೇಳಿಸಿತು. ಮೇಡಂಗೆ ಕೇಳಿಸಿತೋ ಇಲ್ಲವೋ, ಪುಣ್ಯಾತ್ಗಿತ್ತಿ ಒಂದು ದಯೆ ತೋರಿದಳು. ಪರೀಕ್ಷೆ ಇನ್ನೂ ಶುರುವಾಗಿಲ್ಲವಾದ್ದರಿಂದ ಸಂಜೆ ಐದಕ್ಕೆ ಮತ್ತೆ ಕೂರಬಹುದು. ಅದೇ ಕಡೆಯ ಅವಕಾಶ.

ಯೋಗೀಶ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಆಂಬುಲೆನ್ಸ್ ಹತ್ತಿದ. ಯೋಚಿಸುತ್ತಾ ಹೋದಂತೆ ಅವನಿಗೆ ಖುಷಿಯೇ ಆಯಿತು. ಕ್ವಾರಂಟೈನಿನಲ್ಲಿ ಕೋಣೆಗೆ ಒಬ್ಬನೇ. ಒಳಗೆ ಯಾರೂ ಬರುವ ಹಾಗಿಲ್ಲ. ಗೇಟಿನಲ್ಲಿ ಹೋಮ್‌ಗಾರ್ಡ್ ಚಂದಯ್ಯ. ಮೊಬೈಲ್ ಟವರಂತೂ ಶಾಲೆಯ ಬೆನ್ನಿಗೇ ಇದೆ. ಸರ್ಕಾರವೇ ತನಗೊಂದು ಪರೀಕ್ಷಾ ಕೇಂದ್ರ ತೆರೆದುಕೊಟ್ಟಿತಲ್ಲ ಅನ್ನಿಸಿತು.

ಸ್ನಾನ, ಗಂಟಲು ಪರೀಕ್ಷೆ, ಊಟದ ಪೊಟ್ಟಣ ಎಲ್ಲ ಮುಗಿದು ಅವನನ್ನು ಕೋಣೆಗೆ ಬಿಟ್ಟಾಗ ಐದಕ್ಕೆ ಹತ್ತು ನಿಮಿಷವಿತ್ತು. ಒಳಗೆ ಕಾಲಿಟ್ಟವನು ತಲೆ ಎತ್ತಿದ.

ನಾಲ್ಕು ಗೋಡೆಗಳಲ್ಲೂ ಇಂಗ್ಲಿಷು! ಮೂರು ಕಾಲಗಳು, ವಿರುದ್ಧ ಪದಗಳು, ಕ್ರಿಯಾಪದಗಳು, ಪತ್ರ ಬರೆಯುವ ಕ್ರಮ. ಒಂದೊಂದಕ್ಷರವೂ ಗೇಣುದ್ದ, ಅವನದೇ ಕೈಯವು. ಬಳಿದದ್ದು ದೋಣಿಯ ಬಣ್ಣ. "ಉಪ್ಪುನೀರಿಗೇ ಹೋಗುದಿಲ್ಲೆ, ಮಕ್ಕಳ ಕೈಗ್ ಹೋತ್ತಾ?" ಎಂದು ಅವತ್ತು ಹೆಡ್‌ಮಾಸ್ಟರ್ ಪ್ರೇಮಾನಂದರ ಮುಂದೆ ಕೊಚ್ಚಿಕೊಂಡಿದ್ದವನೂ ಅವನೇ.

ಯೋಗೀಶ ಹುಚ್ಚನಂತೆ ಕೆಲಸಕ್ಕಿಳಿದ. ಹಾಸಿಗೆಯ ಚಾದರ ಕ್ರಿಯಾಪದಗಳ ಮೇಲೆ ಬಿತ್ತು. ಹೊದಿಕೆ ಮೂರು ಕಾಲಗಳನ್ನು ಮುಚ್ಚಿತು. ಅಮ್ಮ ಕಟ್ಟಿಕೊಟ್ಟ ಎರಡು ಲುಂಗಿಗಳು ಪತ್ರ ಬರೆಯುವ ಕ್ರಮಕ್ಕಾದವು. ವಿರುದ್ಧ ಪದಗಳಿಗೆ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ. ಬೆವರಿಳಿಸಿಕೊಂಡು ಐದಕ್ಕೆ ಸರಿಯಾಗಿ ಕ್ಯಾಮೆರಾ ಹಾಕಿದ.

ಮೇಡಂ ಲುಂಗಿಗಳನ್ನು ನೋಡಿದಳು. ಬೆಂಚುಗಳನ್ನು ನೋಡಿದಳು. ಒಪ್ಪಿಯೇಬಿಟ್ಟಳೇನೋ ಎನ್ನುವಾಗ ಬಾಗಿಲ ಪಕ್ಕದ ಮೂಲೆಗೆ ಕ್ಯಾಮೆರಾ ತಿರುಗಿಸಲು ಹೇಳಿದಳು. ನಮ್ಮೂರಲ್ಲಿ ಫ್ಯಾನು ಕೊಟ್ಟವರು ಫ್ಯಾನಿನ ರೆಕ್ಕೆಯ ಮೇಲೆ, ಬೆಂಚು ಕೊಟ್ಟವರು ಬೆಂಚಿನ ಬೆನ್ನಿಗೆ ಹೆಸರು ಬರೆಸದೆ ಬಿಡುವುದುಂಟೇ? ಕೊಡುಗೈ ಪೇಂಟರು ಬಿಡುತ್ತಾನೆಯೇ? ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ, ಇಂಗ್ಲಿಷಿನಲ್ಲೇ, 'ಈ ಎಲ್ಲ ಗೋಡೆಬರಹಗಳ ಕೊಡುಗೆ: ಯೋಗೀಶ್, ಕೋಟ' ಎಂದು ಇತ್ತು.

ಮೇಡಂ ಅವನ ಗುರುತಿನ ಚೀಟಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. ಲುಂಗಿ ಎತ್ತಲು ಹೇಳಿದಳು. ಎತ್ತಿದ.

"ಇದನ್ನೆಲ್ಲ ಬರೆದದ್ದು ನೀವೇನಾ?"

"ಹೌದು ಮೇಡಂ. ಆದ್ರೆ ಹೋದ ವರ್ಷ."

"ಹೋದ ವರ್ಷದಿಂದಲೇ ನಕಲಿಗೆ ತಯಾರಿ," ಎಂದು ಮೇಡಂ ಟೈಪು ಮಾಡಿಕೊಂಡಳು. ಪರದೆ ಕಪ್ಪಾಯಿತು.

ಕತ್ತಲಾಗುತ್ತಾ ಬಂದಾಗ ಯೋಗೀಶ ಗೋಡೆಯ ಲುಂಗಿಗಳನ್ನು ಇಳಿಸತೊಡಗಿದ. ದುಃಖ ಒತ್ತರಿಸಿ ಬಂತು. ಕಿಟಕಿಯಾಚೆ, ಕಾಂಪೌಂಡಿನ ಹೊರಗೆ, ಮಾಸ್ಕಿನ ಮೇಲೆ ಎರಡು ಕಣ್ಣು ಕಂಡವು.

"ಹ್ವಾಯ್ ಯೋಗೀಶ! ಪರೀಕ್ಷಿ ಮುಗೀತಾ?" ಗುಡ್ಡ ಮಾವ ಪಿಸುಗುಟ್ಟಿದ. "ಈ ಸಲ ಎಂತ ಸದ್ದೂ ಬರ್ಲಿಲ್ಲ ಅಲ್ದಾ? ಉಳ್ದ್ ಟೇಪ್ ಪೂರಾ ಶಾಲಿ ಗೇಟಿಗ್ ಕಟ್ಟಿದೆ."

"ಇಲ್ಲ ಮಾವ, ಎಂತ ಸದ್ದೂ ಬರ್ಲಿಲ್ಲ," ಎಂದ ಯೋಗೀಶ, ಲುಂಗಿ ಮಡಚುತ್ತಾ.