ಪುಟ್ಟನಿಗೆ ಬಾಗಿಲು ತೆರೆದವನು

ಪುಟ್ಟ ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿದ್ದೇ ಎಲ್ಲಕ್ಕೂ ಮೂಲ. ಹೆಸರಿಗೆ ಪುಟ್ಟ, ಗಾತ್ರದಲ್ಲಿ ಕರು. ಎದುರುಮನೆಯವರು ಮನೆ ಖಾಲಿ ಮಾಡಿ, ಅವನ ಗೆಳತಿಯಾಗಿದ್ದ ಬೆಕ್ಕನ್ನೂ ಕರೆದುಕೊಂಡು ಹೋದ ಮೇಲೆ ಆ ನಾಯಿ ಬಿಸ್ಕತ್ತು ಮೂಸುತ್ತಿರಲಿಲ್ಲ, ಅಂಚೆಯವನನ್ನು ಕಂಡು ಬೊಗಳುತ್ತಿರಲಿಲ್ಲ. ಗೋಡೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದ. ಅದೆಂಥ ನಿಟ್ಟುಸಿರು! ಕೇಳಿದವರಿಗೆ ತಮ್ಮ ತಮ್ಮ ತಾಪತ್ರಯಗಳೆಲ್ಲ ಒಮ್ಮೆಗೇ ನೆನಪಾಗುತ್ತಿದ್ದವು.

ಪುಟ್ಟನನ್ನು ಸಾಕಿದವರು ಆ ಆರು ಮಹಡಿ ಕಟ್ಟಡದ ಒಡತಿ, ವಾಸ ನೆಲಮಹಡಿಯಲ್ಲಿ. ಅಂದು ಬೆಳಿಗ್ಗೆ ತಂಗಿಯ ಮನೆಗೆ ಹೊರಟವರು ನಾಯಿಯ ಹಗ್ಗವನ್ನು ಲಿಫ್ಟಣ್ಣನ ಕೈಗಿಟ್ಟರು. ಲಿಫ್ಟಣ್ಣನೆಂದರೆ ಹಿಡಿಕೆ ತಿರುಗಿಸಿ ಓಡಿಸುವ ಅಲ್ಲಿನ ಹಳೇ ಲಿಫ್ಟಿನ ಚಾಲಕ. ಗುಂಡಿ ಒತ್ತಿದರೆ ತಾನೇ ಓಡುವ ಹೊಸ ಲಿಫ್ಟು ಹಾಕಿಸಿ, ಅವನನ್ನು ಮನೆಗೆ ಕಳಿಸುವ ಮಾತು ನಡೆದಿತ್ತು.

"ಸಂಜೆ ನಾನು ಬರೋ ಹೊತ್ಗೆ ಇವನು ಬಾಲ ಅಲ್ಲಾಡಿಸ್ತಿರ್ಬೇಕು, ನೋಡಪ್ಪ. ಅಲ್ಲಾಡಿಸಿದ್ರೆ ನಿನ್ನ ಕೆಲಸ ನಿಂದೇ. ಇಲ್ದಿದ್ರೆ ನನ್ನ ದೂರ್ಬೇಡ."

ಲಿಫ್ಟಣ್ಣ ತಲೆ ಅಲ್ಲಾಡಿಸಿದ. ಪುಟ್ಟ ಏನನ್ನೂ ಅಲ್ಲಾಡಿಸಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಿತು. ಮೊದಲು ಇಳಿದು ಬಂದವರು ಎರಡನೇ ಮಹಡಿಯ ಸಂಗೀತದ ಮೇಡಂ. "ಹಾಡು ಕೇಳಿದ್ರೆ ಎಂಥ ದುಃಖಾನೂ ಕರಗತ್ತೆ," ಎಂದು ಕಣ್ಣು ಮುಚ್ಚಿ ಹಾಡಿದರು. ನಡುವೆ ಪುಟ್ಟ ಬಿಟ್ಟ ನಿಟ್ಟುಸಿರು ತಾಳಕ್ಕೆ ಎಷ್ಟು ಸರಿಯಾಗಿ ಬಿತ್ತೆಂದರೆ ಮೇಡಂ ಹಾಡು ನಿಲ್ಲಿಸಿಬಿಟ್ಟರು. "ಇಷ್ಟು ವರ್ಷ ಪಾಠ ಹೇಳಿದೀನಿ, ಇಂಥ ಶಿಷ್ಯ ಒಬ್ಬನೂ ಸಿಗ್ಲಿಲ್ಲ," ಎಂದು ತಾವೇ ಅಳುತ್ತ ಮೇಲೆ ಹೋದರು.

ಆಮೇಲೆ ಬಂದವರು ನಿವೃತ್ತ ಡ್ರಿಲ್ ಮೇಷ್ಟ್ರು.

"ಸಂತೋಷ ಅಂದ್ರೆ ಏನಂತಾನೇ ಅದಕ್ಕೆ ಮರ್ತೋಗಿದೆ ಕಣಯ್ಯ. ನೀನು ಮಾಡಿ ತೋರ್ಸು. ನಾಲ್ಕು ಕಾಲ್ಮೇಲೆ ನಿಂತ್ಕೋ!"

"ನಂಗಿರೋದೇ ಎರಡು, ಮೇಷ್ಟ್ರೇ."

"ಕೈನೂ ಊರಯ್ಯ! ಹಾಂ, ಈಗ ಬೊಗಳು. ಸೊಂಟ ಕುಣೀಲಿ!"

ಕೆಲಸದ ಆಸೆ ಏನೇನೆಲ್ಲ ಮಾಡಿಸುತ್ತದೆ! ಲಿಫ್ಟಣ್ಣ ಬೊಗಳಿದ, ಸೊಂಟ ಕುಣಿಸಿದ. ಅದೇ ಹೊತ್ತಿಗೆ ಒಳಬಂದ ಐದನೇ ಮಹಡಿಯ ಹಲ್ಲಿನ ಡಾಕ್ಟರು ಚೀಲವನ್ನು ಎದೆಗವಚಿಕೊಂಡು, "ಕಚ್ತಾನಾ?" ಎಂದು ಮೇಷ್ಟ್ರನ್ನು ಕೇಳಿದರು. ಪುಟ್ಟ ಮಾತ್ರ ಅಯ್ಯೋ ಪಾಪ ಎನ್ನುವಂತೆ ಲಿಫ್ಟಣ್ಣನನ್ನು ನೋಡಿ ಮತ್ತೆ ಗೋಡೆಗೆ ತಿರುಗಿದ.

ಡಾಕ್ಟರನ್ನು ಮೇಲೆ ಬಿಡಬೇಕಿತ್ತು. ನಾಯಿಯನ್ನು ಒಂಟಿಯಾಗಿ ಬಿಡುವ ಹಾಗಿರಲಿಲ್ಲ. ಲಿಫ್ಟಣ್ಣ ಪುಟ್ಟನನ್ನೂ ಲಿಫ್ಟಿನೊಳಗೆ ಎಳೆದುಕೊಂಡ. ನೆಲಮಹಡಿಯಲ್ಲೇ ಬೆಳೆದ ಪುಟ್ಟ ಲಿಫ್ಟು ಹತ್ತಿದ್ದು ಅದೇ ಮೊದಲು.

ಮೊದಲ ಮಹಡಿಯಲ್ಲಿ ಯಾರೋ ಗಂಟೆ ಒತ್ತಿದ್ದರು. ಬಾಗಿಲು ಸರಿಯಿತು. ಈಗಷ್ಟೇ ಬಾಗಿಲಾಚೆ ನಿಂತಿದ್ದ ಡ್ರಿಲ್ ಮೇಷ್ಟ್ರು ಇಲ್ಲ! ಒಬ್ಬ ಅಜ್ಜಿ ಒದ್ದೆ ಹೊದಿಕೆ ಹಿಂಡುತ್ತಿದ್ದಾಳೆ. ಪುಟ್ಟನ ಕಿವಿ ನೆಟ್ಟಗಾಯಿತು. ಬಾಗಿಲು ಮುಚ್ಚಿ ತೆರೆದರೆ ಅಜ್ಜಿ ಮಾಯ, ಮೂರು ಚಕ್ರದ ಸೈಕಲ್ಲಿನ ಮೇಲೊಂದು ಮಗು. ಮತ್ತೆ ಮುಚ್ಚಿ ತೆರೆದರೆ ಕಿಟಕಿಯ ತುಂಬ ಆಕಾಶ. ಬಾಲದ ತುದಿ ಸಣ್ಣಗೆ ಅಲುಗಿತು.

ಪುಟ್ಟ ಕತ್ತೆತ್ತಿ ಲಿಫ್ಟಣ್ಣನ ಮುಖ ನೋಡಿದ. ಇದನ್ನೆಲ್ಲ ಮಾಡುತ್ತಿರುವುದು ನೀನೇನಾ, ಎನ್ನುವಂಥ ನೋಟ. ಲಿಫ್ಟಣ್ಣನ ಮೈ ಜುಮ್ಮೆಂದಿತು. ಹೌದಲ್ಲ! ಇರುವುದು ಒಂದೇ ಬಾಗಿಲು, ತೆರೆದಾಗಲೆಲ್ಲ ಬೇರೆಯೇ ಲೋಕ. ಇಷ್ಟು ವರ್ಷ ತೆರೆದು ಮುಚ್ಚಿದವನು ತಾನು, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಊರವರ ಬಾಯಿ ತೆರೆಸುವ ಡಾಕ್ಟರು ತಾವೇ ಬಾಯಿ ತೆರೆದುಕೊಂಡು, ಇಳಿಯುವುದನ್ನು ಮರೆತು ನಿಂತಿದ್ದರು.

ಮಧ್ಯಾಹ್ನವೆಲ್ಲ ಅದೇ ಸಂಭ್ರಮ. ನಾಯಿಯ ಜೊತೆ ಒಂದು ಸುತ್ತು ಹೋಗಿಬರಲು ಕಟ್ಟಡಕ್ಕೆ ಕಟ್ಟಡವೇ ಸಾಲು ನಿಂತಿತು. ಆದರೆ ಸಂಜೆಯ ಹೊತ್ತಿಗೆ ಪುಟ್ಟನಿಗೆ ಆರೂ ಮಹಡಿ ಬಾಯಿಪಾಠವಾಗಿಬಿಟ್ಟವು. ಬಾಲ ನಿಧಾನವಾಯಿತು, ನಿಂತಿತು. ದೊಡ್ಡದೊಂದು ನಿಟ್ಟುಸಿರು ಬಂತು. ಹಿಂದೆಯೇ ಒಡತಿಯೂ ಬಂದರು.

"ಎಲ್ಲಿ, ತೋರ್ಸು," ಎಂದು ಲಿಫ್ಟು ಹತ್ತಿದರು. ಡ್ರಿಲ್ ಮೇಷ್ಟ್ರೂ ನುಗ್ಗಿ ಹಿಡಿಕೆ ಹಿಡಿದರು. "ಜಾಗ ಇಲ್ಲ, ನೀನು ಇಳಿಯಯ್ಯ! ನಾನೇ ಓಡಿಸ್ತೀನಿ."

ಲಿಫ್ಟಣ್ಣನ ಮುಖದ ಮೇಲೆ ಬಾಗಿಲು ಮುಚ್ಚಿತು. ಒಡತಿಯನ್ನು ಬೇಡಿಕೊಂಡಾದರೂ ನೋಡೋಣವೆಂದು ಮೆಟ್ಟಿಲು ಹತ್ತಿ ಓಡಿದ. ಮೊದಲ ಮಹಡಿಯಲ್ಲಿ ಬಾಗಿಲು ತೆರೆದಾಗ ಕೈಮುಗಿದು ಎದುರಿಗೆ ನಿಂತಿದ್ದ. "ಅಮ್ಮಾ, ಒಂದೇ ಒಂದು ಮಾತು..." ಎನ್ನುವಷ್ಟರಲ್ಲಿ ಮೇಷ್ಟ್ರು ಬಾಗಿಲು ಎಳೆದರು.

ಪುಟ್ಟ ಬೆಚ್ಚಿ ಎದ್ದು ಕುಳಿತ. ಕೆಳಗೆ ಬಿಟ್ಟು ಬಂದ ಮನುಷ್ಯ ಇಲ್ಲಿ ಹೇಗೆ? ಎರಡನೇ ಮಹಡಿಯ ಬಾಗಿಲು ಸರಿದರೆ ಅಲ್ಲೂ ಅವನೇ! ಮೂರರಲ್ಲೂ ಅವನೇ, ಬೆವರು ಸುರಿಸಿಕೊಂಡು! ಆರನೆಯದು ಬರುವಷ್ಟರಲ್ಲಿ ಬಾಲದ ಏಟಿಗೆ ಒಡತಿಯೂ ಮೇಷ್ಟ್ರೂ ಮೂಲೆ ಸೇರಿದ್ದರು. ಪುಟ್ಟ ಹಾರಿ ಬಂದು, ಈ ಮಹಾಪುರುಷನ ಮುಖವನ್ನೆಲ್ಲ ನೆಕ್ಕಿದ.

ಒಡತಿಯ ಕಣ್ಣು ತುಂಬಿ ಬಂತು. "ಮಾತು ಅಂದ್ರೆ ಮಾತು. ನಿನ್ನ ಕೆಲಸ ಎಲ್ಲೂ ಹೋಗಲ್ಲಪ್ಪ."

ಗೋಡೆ ಹಿಡಿದು ನಿಂತ ಲಿಫ್ಟಣ್ಣನಿಗೆ ಕೈಮುಗಿಯುವಷ್ಟು ಮಾತ್ರ ತ್ರಾಣವಿತ್ತು.

"ಹಿಡಿಕೆ ಇನ್ಮೇಲೆ ಮೇಷ್ಟ್ರು ನೋಡ್ಕೋತಾರೆ," ಎಂದರು ಒಡತಿ. "ಬಾಗಿಲು ತೆಗೆದಾಗೆಲ್ಲ ನೀನು ಎದುರಿಗಿದ್ರೆ ಸಾಕು. ಎಲ್ಲಾ ಮಹಡೀಲೂ. ದಿನಾ."

ಪುಟ್ಟ ಲಿಫ್ಟಿನೊಳಗೆ ಕುಳಿತು ಅವನನ್ನೇ ನೋಡುತ್ತಿದ್ದ. ಹೆಂಡತಿ ಮಕ್ಕಳಿರಲಿ, ಹೆತ್ತ ತಾಯಿಯೂ ಲಿಫ್ಟಣ್ಣನನ್ನು ಅಷ್ಟು ಬೆರಗಿನಿಂದ ಎಂದೂ ನೋಡಿರಲಿಲ್ಲ.

"ಈಗ ಕೆಳಕ್ಕೆ!" ಎಂದು ಮೇಷ್ಟ್ರು ಸೀಟಿ ಊದಿದರು.

ಲಿಫ್ಟಣ್ಣ ಮೆಟ್ಟಿಲ ಕಡೆ ಓಡಿದ.