ಮಿತಾಹಾರಿಗಳ ಮನೆಯ ಕನ್ಯೆ

ನನ್ನ ಹೆಂಡತಿ ಗುರವ್ವ ದಪ್ಪಗಿದ್ದಾಳೆ. ಅದು ಅವಳ ತಪ್ಪೆಂದೇ ನನ್ನ ನಂಬಿಕೆಯಾಗಿತ್ತು. (ನಾನು ಬಡಕಲಾಗಿರುವುದು ನನ್ನ ಸದ್ಗುಣವೆಂದೂ ನಂಬಿದ್ದೆ.) ಬೈಲಹೊಂಗಲದ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು ಮಿತಾಹಾರ, ಇಂದ್ರಿಯನಿಗ್ರಹಗಳ ಕುರಿತು ಉಪನ್ಯಾಸ ಬಿಗಿಯುತ್ತಿದ್ದೆ. ಕೇಳಿದವರೆಲ್ಲ ಕೊನೆಗೆ ಗುರವ್ವನ ಕಡೆ ತಿರುಗಿ ನೋಡುತ್ತಿದ್ದರು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ರಾಮದುರ್ಗದ ರಾಮಲಿಂಗಪ್ಪನವರು ಮಗನಿಗಾಗಿ ನಮ್ಮ ಮಗಳನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಅವರೂ ಕಡ್ಡಿಯಂಥ ಮನುಷ್ಯ, ಭಾರಿ ನೇಮಸ್ಥರಂತೆ. ನನಗೆ ದಿಗಿಲಾಯಿತು.

"ಅವ್ರು ಹೋಗೂತನಕ ನೀ ಬಸ್ ಸ್ಟ್ಯಾಂಡ್ ಬಾಜೂದ ಬಸವಣ್ಣನ ಗುಡ್ಯಾಗ ಕುಂದ್ರು," ಎಂದೆ.

"ಯಾಕ? ಆಕಿ ನಾ ಹಡದ ಮಗಳಲ್ಲೇನು?"

"ನಿನ್ನ ನೋಡಿದ್ರ ಈ ಮನ್ಯಾಗ ಕಟ್ಟುನಿಟ್ಟು ಇಲ್ಲ ಅಂತಾರ."

"ಏಳು ರೊಟ್ಟಿ ತಿನ್ನಾವ್ರು ನೀವು, ಎರಡು ತಿನ್ನಾಕಿ ನಾ. ಕಟ್ಟುನಿಟ್ಟು ಯಾರದು?"

ಗಟ್ಟಿಯಾಗಿ ಕೆಮ್ಮಿ, ಬಾಗಿಲ ಕಡೆ ಕೈ ತೋರಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ತಂದೆ, ಮಗ ಇಬ್ಬರೇ ಬಂದರು.

"ನಮ್ಮನಿಯವ್ರಿಗೆ ಆರಾಮಿಲ್ರಿ," ಎಂದರು ರಾಮಲಿಂಗಪ್ಪ.

"ನಮ್ಮಾಕಿ ದೊಡವಾಡಕ್ಕ, ತವರಮನಿಗೆ ಹೋಗ್ಯಾಳ್ರಿ," ಎಂದೆ ನಾನು.

ತಂತಮ್ಮ ಸುಳ್ಳಿನ ಕಾಳಜಿಯಲ್ಲಿ ಇಬ್ಬರೂ ಮತ್ತೊಬ್ಬರ ಸುಳ್ಳನ್ನು ಗಮನಿಸಲಿಲ್ಲ. ಮಿತಾಹಾರದ ಮಹಿಮೆಯನ್ನು ಕೊಂಡಾಡುತ್ತ ಕೊಂಡಾಡುತ್ತ ಒಂದು ಬುಟ್ಟಿ ಹೋಳಿಗೆ ಮುಗಿಸುತ್ತ ಬಂದೆವು. ಹುಡುಗ, ಹುಡುಗಿ ಪರಸ್ಪರ ಒಪ್ಪಿದರು. ಅಷ್ಟರಲ್ಲಿ ಬಾಗಿಲ ಬೆಳಕು ಮರೆಯಾಯಿತು.

ಗುರವ್ವ! ಅವಳ ಕೈ ಹಿಡಿದುಕೊಂಡು, ಅವಳಷ್ಟೇ ಭರ್ಜರಿಯಾದ ಇನ್ನೊಬ್ಬ ಹೆಣ್ಣುಮಗಳು. ರಾಮಲಿಂಗಪ್ಪನವರ ಕೈಯಲ್ಲಿದ್ದ ಹೋಳಿಗೆ ತಾಟಿಗೆ ಬಿತ್ತು.

"ಶಟ್ಟೆವ್ವಾ! ನೀ ಇಲ್ಲಿ?"

"ನನ್ನ ನೋಡಿದ್ರ ಹೆಣ್ಣು ಕೊಡಂಗಿಲ್ಲ ಅಂತ ಬಸ್ ಇಳದ ಕೂಡ್ಲೆ ಗುಡ್ಯಾಗ ಕುಂದ್ರಿಸಿ ಬಂದ್ರೆಲ್ಲ," ಎಂದರು ಆಕೆ ಗಂಡನಿಗೆ. "ಅಲ್ಲೆ ಈ ಅಕ್ಕಾರೂ ಕುಂತಿದ್ರು. ಮಾತಿಗೆ ಮಾತು ಬಂತು. ಇಬ್ಬರದೂ ಒಂದ ಕಥಿ ಅಂತ ಗೊತ್ತಾತು."

"ಲಗ್ನ ನಾವ ಗಟ್ಟಿ ಮಾಡೇವಿ," ಎಂದಳು ಗುರವ್ವ, ನನ್ನನ್ನೇ ದಿಟ್ಟಿಸಿ. "ಅವತ್ತು ನಾವಿಬ್ರೂ ಮುಂದ ನಿಂತು ಮಂದೀನ ಬರಮಾಡಿಕೋತೇವಿ. ನೀವಿಬ್ರೂ ಅಡಗಿ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ. ಮದುವಿ ಹಂದರದಾಗ ನಿಮ್ಮ ಎಲುವಿನ ಹಂದರ ನೋಡಿದ್ರ, ಗಂಡಗ ಕೂಳು ಹಾಕದ ಪಾಪಿಗೋಳು ಅಂತ ಮಂದಿ ನಮ್ಮನ್ನ ಬೈತಾರ!"

ಈ ಘೋರ ಅವಮಾನವನ್ನು ಬೀಗರಾದರೂ ಖಂಡಿಸಿಯಾರೆಂದು ಅವರ ಮುಖ ನೋಡಿದೆ. ಆ ಮಹಾ ನೇಮಸ್ಥರು ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದರು:

"ಅಡಗಿ ಮನ್ಯಾಗ ಅಂದ್ರ, ಬುಂದೇದ ಬುಟ್ಟಿ ನಮ್ಮ ಬಾಜೂಕ ಇರತಾವಲ್ರಿ?"