ಮಲಗಿದಲ್ಲೇ ಓಡುವ ಎದೆ

ಯಾದಗಿರಿಯಲ್ಲಿ ಎದೆಯ ಸ್ಕ್ಯಾನ್ ಮಾಡುವ ನನ್ನಂಥವನಿಗೆ ನಗು ಹುಡುಕಿಕೊಂಡು ಬರುತ್ತದೆ. ಹಂಚಿಕೊಳ್ಳಲು ಮಾತ್ರ ಸಂಜೆ ರೂಮಿನಲ್ಲಿ ಯಾರೂ ಇರುವುದಿಲ್ಲ. ಹೃದಯದ ರಕ್ತನಾಳ ಕಿರಿದಾಗಿದೆಯೇ ಎಂದು ತಿಳಿಯಲು ಎದೆಯನ್ನು ಓಡಿಸಿ ನೋಡಬೇಕು. ಅದಕ್ಕೆ ಎರಡು ದಾರಿ: ಮೊಣಕಾಲು ಗಟ್ಟಿ ಇದ್ದವರನ್ನು ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸುವುದು, ಇಲ್ಲದವರನ್ನು ಮಲಗಿಸಿ ಎದೆಬಡಿತ ಏರಿಸುವ ಔಷಧವನ್ನು ಸೂಜಿಯಿಂದ ಬಿಡುವುದು. ಯಾವುದು ಮೇಲು ಎಂದು ಡಾಕ್ಟರುಗಳು ಇನ್ನೂ ವಾದಿಸುತ್ತಾರೆ. ನನಗಂತೂ ಎರಡರಲ್ಲೂ ಬೆವರಿಳಿದಿದೆ.

೧. ಕಾಲು ತೊಳೆದವರು

ಹುಣಸಗಿ ಕಡೆ ಕಾಲುವೆಗೆ ನೀರು ಬಿಡುವ ಹಿರಿಯರೊಬ್ಬರು ಬಂದರು. ದಿನಾ ಕಾಲುವೆ ದಂಡೆ ತುಳಿದ ಕಾಲು, ಪಟ್ಟಿಯ ಮೇಲೆ ಸರಸರ ನಡೆದರು. ಇಳಿದ ಕೂಡಲೇ, ಎದೆಬಡಿತ ತಣಿಯುವ ಮೊದಲೇ, ಮಲಗಿಸಿ ಚಿತ್ರ ಹಿಡಿಯಬೇಕು. ನಾನು ಯಂತ್ರದ ಕಡೆ ತಿರುಗುವಷ್ಟರಲ್ಲಿ ಮನುಷ್ಯನೇ ಇಲ್ಲ! ಎದೆಗೆ ಅಂಟಿಸಿದ ತಂತಿ ಕಿತ್ತಿಟ್ಟು, ಬಚ್ಚಲಲ್ಲಿ ಸಾವಕಾಶ ಕಾಲು ತೊಳೆಯುತ್ತಿದ್ದರು.

"ಯಜಮಾನ್ರ, ಲಗೂನ ಬರ್ರಿ!"

"ಧೂಳಗಾಲಿಲೆ ಹಾಸಿಗಿ ಏರಬಾರದ್ರಿ ಸಾಹೇಬ್ರ."

ಸುಧಾರಿಸಿಕೊಂಡ ಮೇಲೆ ಮತ್ತೆ ನಡೆಸಿದೆವು. ಈ ಸಲ ಬಚ್ಚಲಿಗೆ ಬೀಗ ಹಾಕಿದ್ದೆ. ಇಳಿದವರು ಮಂಚದ ಮುಂದೆ ನಿಂತುಬಿಟ್ಟರು.

"ತಲಿ ಯಾವ ದಿಕ್ಕಿಗಿ ಬರ್ತದ್ರಿ? ಉತ್ತರಕ್ಕಾದ್ರ ನಾ ಮಕ್ಕೊಳಂಗಿಲ್ಲ."

ನಮ್ಮ ಮಂಚದ ತಲೆ ನೆಟ್ಟಗೆ ಉತ್ತರಕ್ಕೇ ಇತ್ತು.

೨. ಮಲಗಿ ದುಡಿಯುವ ಔಷಧ

ಶಹಾಪುರ ಕಡೆಯ ಹೆಣ್ಣುಮಗಳೊಬ್ಬಳಿಗೆ ಮೊಣಕಾಲು ನೋವು. ಹೀಗಾಗಿ ಸೂಜಿ. ಔಷಧ ಏರಿದಂತೆ ಆಕೆ ಕೂಗಿದಳು: "ಯಪ್ಪಾ, ನಾ ಇಲ್ಲೇ ಮಕ್ಕೊಂಡೀನಿ, ನನ್ನೆದಿ ಹತ್ತಿ ಬಿಡಸ್ಲಾಕ ಹೋಗ್ಯಾದ!"

ಬಾಗಿಲಲ್ಲಿದ್ದ ಗಂಡ ಇಣುಕಿದ. "ಮಕ್ಕೊಂಡೇ ದುಡಿಯೂ ಔಷಧ ಏನ್ರಿ? ನನಗೂ ಒಂದೀಟು ಕೊಡ್ರಿ."

"ಅವರಿಗಿ ಅರ್ಧಾ ಮೊದಲೇ ಬರ್ತದ್ರಿ," ಎಂದಳು ಆಕೆ. "ಮಕ್ಕೊಳ್ಳೂದು."

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಜಗಳಾಡುತ್ತ, ಒಂದೇ ಬಾಟಲಿಯ ನೀರು ಕುಡಿಯುತ್ತ ಬಸ್‌ಸ್ಟ್ಯಾಂಡಿಗೆ ಹೋದರು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ವಯಸ್ಸು ಐವತ್ತು ದಾಟಿದೆ, ಜಗಳಕ್ಕೂ ಒಬ್ಬರಿಲ್ಲ.

೩. ಮೂರನೆಯ ದಾರಿ

ಕಡೆಗೆ ನನ್ನದೇ ಎದೆ ಹಿಡಿಯತೊಡಗಿತು. ಮೊಣಕಾಲೂ ಕೈಕೊಟ್ಟಿದ್ದರಿಂದ ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಸೂಜಿಯ ಪರೀಕ್ಷೆ ಬರೆದರು. ಜೊತೆಗೊಬ್ಬರು ಇರಲೇಬೇಕೆಂಬುದು ನಿಯಮ. "ನಿಮ್ಮ ಕೂಡ ಯಾರು ಬಂದಾರ್ರಿ?" ಎಂದು ನರ್ಸ್ ಕೇಳಿದಾಗ ನಾಚಿಕೆಯಾಯಿತು. ನಾಳ ಕಟ್ಟಿದ್ದರೆ ಆ ಸುದ್ದಿ ಯಾರಿಗೆ ಹೇಳಲಿ ಎಂದು ಹೆದರಿಕೆಯೂ ಆಯಿತು. ಬೆಂಚಿನಲ್ಲಿ ತನ್ನ ಸರದಿ ಕಾಯುತ್ತಿದ್ದ ಸುರಪುರದ ಮುದುಕಿಯೊಬ್ಬಳು ಎದ್ದಳು. "ನಾ ಬರ್ತೀನಿ ನಡಿ ತಮ್ಮಾ."

ಔಷಧ ಏರಿತು, ಎದೆಬಡಿತ ಬೇಕಾದಷ್ಟು ಏರಲಿಲ್ಲ. ಡಾಕ್ಟರಮ್ಮ ಇನ್ನೊಂದು ಸೂಜಿ ತರಲು ಹೇಳಿದರು. ಮುದುಕಿ ನನ್ನ ಕೈ ಹಿಡಿದಳು.

"ಮನ್ಯಾಗ ಯಾರ್ಯಾರು ಅದಾರ?"

"ಯಾರೂ ಇಲ್ಲ ಆಯಿ. ಮದುವಿನೇ ಆಗಿಲ್ಲ."

"ಬೋನಾಳದಾಗ ನನ್ನ ತಂಗಿ ಮಗಳು ಅದಾಳ, ಸಾಲಿ ಟೀಚರು. ಆಕೀನೂ ಒಬ್ಬಾಕಿನೇ. ಐತವಾರ ನೋಡ್ಲಾಕ ಬರ್ತೀ ಏನು?"

ಪರದೆಯ ಮೇಲೆ ಎದೆಬಡಿತದ ಅಂಕಿ ಜಿಗಿಯಿತು. ಡಾಕ್ಟರಮ್ಮ ಕೈ ಎತ್ತಿದರು. "ಸೂಜಿ ಬ್ಯಾಡ. ಆಯಿ, ನೀವು ಮಾತಾಡ್ರಿ."

ನಾಳಗಳು ಚೊಕ್ಕ ಇದ್ದವು. ಅಂಗಿ ತೊಟ್ಟು ಹೊರಬಂದರೆ, ಮುದುಕಿ ಆಗಲೇ ಬೋನಾಳಕ್ಕೆ ಫೋನ್ ಹಚ್ಚಿದ್ದಳು.

"ವರಾ ಸಿಕ್ಕಾನ. ಜಾತಕ ಗೀತಕ ಬ್ಯಾಡ, ಎದಿ ಒಳಗೇ ಹೊಕ್ಕು ನೋಡಿ ಬಂದೀನಿ!"